ಸೀಮಾಳಿಗೆ ಕಟ್ಟಿದ ಬುತ್ತಿ

ಬೆಟಗೇರಿಯ ನಮ್ಮ ಓಣಿಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಮಗ್ಗಗಳು ಒಂದೊಂದಾಗಿ ನಿಲ್ಲುತ್ತವೆ. ಮೊದಲು ಮೂಲೆಯ ಮನೆಯದು, ಆಮೇಲೆ ಎದುರಿನದು, ಕೊನೆಗೆ ಹಿತ್ತಲಾಚೆಯದು. ಎಲ್ಲ ನಿಂತ ಮೇಲೂ ಸ್ವಲ್ಪ ಹೊತ್ತು ಆ ಸದ್ದು ಕಿವಿಯೊಳಗೆ ನಡೆದೇ ಇರುತ್ತದೆ. ಮಮತಾ ಕಾದಂಬರಿ ಬರೆಯುತ್ತಿದ್ದದ್ದು ಆ ಹೊತ್ತಿನಲ್ಲಿ. ನಿಂತ ಮಗ್ಗದ ಸದ್ದು ಕೇಳುವಷ್ಟು ಹೊತ್ತು ಇಲ್ಲದ ಮನುಷ್ಯರ ಮಾತೂ ತನಗೆ ಕೇಳುತ್ತದೆ ಎಂದು, ಎಲ್ಲ ಗೊತ್ತಾದ ಮೇಲೆ, ನನಗೆ ಹೇಳಿದಳು.

ಅವಳು ಹೊಲಿಗೆಯವಳು. ಶಾಲೆ ಮಕ್ಕಳ ಯುನಿಫಾರ್ಮು, ಹೆಂಗಸರ ಜಂಪರು, ಕ್ರಿಸ್ಮಸ್ಸಿಗೆ ನಮ್ಮ ಚರ್ಚಿನ ಸಭೆಯ ಹಾಡುವವರಿಗೆ ಬಿಳಿ ನಿಲುವಂಗಿ, ಎಲ್ಲ ಅವಳ ಮಷಿನ್ನಿನಿಂದಲೇ ಬರಬೇಕು. ಗಂಡ ಸುಭಾಷ ಸರ್ಕಾರಿ ಬಸ್ಸಿನ ಕಂಡಕ್ಟರ್. ಒಂದು ವಾರ ಮುಂಡರಗಿ, ಒಂದು ವಾರ ಶಿರಹಟ್ಟಿ, ಲಕ್ಷ್ಮೇಶ್ವರ. ಅವನು ಊಟಕ್ಕೆ ಕುಳಿತಾಗ ದಾರಿಯಲ್ಲಿ ಕಂಡದ್ದನ್ನು ಹೇಳುತ್ತಿದ್ದ. ಹಿರೇಹಂದಿಗೋಳದಲ್ಲಿ ಇಳಿದ ಒಬ್ಬಳು ಬಸ್ಸು ಕಣ್ಮರೆಯಾಗುವವರೆಗೂ ನೋಡುತ್ತ ನಿಂತಿದ್ದಳಂತೆ. ಅಷ್ಟು ಸಾಕು. ಒಂದು ತಿಂಗಳಲ್ಲಿ ಆ ಹೆಂಗಸಿಗೆ ಒಬ್ಬ ಪ್ರಿಯಕರ, ಒಂದು ಕಳೆದುಹೋದ ಪತ್ರ, ಹಿಂದೆ ಬೀಳುವ ಒಬ್ಬ ಅಪರಿಚಿತ, ಎಲ್ಲ ಹುಟ್ಟಿರುತ್ತಿದ್ದವು.

ಹೀಗೆ ಹನ್ನೊಂದು ವರ್ಷದಲ್ಲಿ ಹದಿನಾಲ್ಕು ಕಾದಂಬರಿ. ಹೊದಿಕೆಯ ಮೇಲೆ ಇರುತ್ತಿದ್ದದ್ದು 'ಸಂಧ್ಯಾಕಿರಣ' ಎಂಬ ಹೆಸರು. ಗದಗಿನ ಬಸ್ ನಿಲ್ದಾಣದಲ್ಲಿ ಅವನ್ನು ಓದುತ್ತ ಕುಳಿತವರನ್ನು ನಾನೇ ನೋಡಿದ್ದೇನೆ, ಯಾರು ಬರೆದದ್ದೆಂದು ಗೊತ್ತಿಲ್ಲದೆ. ನಮ್ಮ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊಲೆ ಬರೆಯುವ ದಿನ ಮಮತಾ ಮೊದಲು ಮಷಿನ್ನಿನ ಮುಂದೆಯೇ ಕಣ್ಣು ಮುಚ್ಚಿ ಕ್ಷಮೆ ಕೇಳುತ್ತಿದ್ದಳು. ಅವಳ ಪ್ರೇಮಿಗಳು ಎಷ್ಟೇ ಅಪಾಯ ದಾಟಿ ಬಂದರೂ ಕೈ ಹಿಡಿಯುವಲ್ಲಿಗೆ ನಿಲ್ಲುತ್ತಿದ್ದರು. "ನಿಮ್ಮ ಕತಿಯಾಗ ಖೂನಿ ಮಾಡೋರು ಸುದ್ದಾ ಭಾಳ ಸಭ್ಯಸ್ತರು ಅದಾರ್ರಿ" ಎಂದು ಪ್ರಕಾಶಕರು ಫೋನಿನಲ್ಲಿ ಗೊಣಗುತ್ತಿದ್ದರಂತೆ.

ಅವಳಿಗೆ ಇನ್ನೊಂದು ಕೆಲಸವಿತ್ತು. ನಮ್ಮ ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟ ಪ್ರತಿ ಬುಧವಾರ ಸಂಜೆ ನಾಲ್ಕಕ್ಕೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತದೆ. ಅಲ್ಲೊಂದು ಪದ್ಧತಿ. ಯಾರಿಗೆ ಏನು ಕಷ್ಟವಿದೆಯೋ ಅದು ಒಂದು ಚೀಟಿಯ ಮೇಲೆ ಬಂದು ನೀಲಿ ಮಖಮಲ್ಲಿನ ಸಂಚಿಯಲ್ಲಿ ಬೀಳುತ್ತದೆ. ಮೂರು ವಾರಕ್ಕೊಮ್ಮೆ ಪ್ರತಿಯೊಬ್ಬಳೂ ಒಂದು ಚೀಟಿ ಎತ್ತಿಕೊಂಡು ಮನೆಗೆ ಒಯ್ದು ಮುಂದಿನ ಸರದಿಯವರೆಗೆ ಅದಕ್ಕಾಗಿ ಪ್ರಾರ್ಥಿಸಬೇಕು. ಯಾರ ಚೀಟಿ ಎಂದು ಕೇಳುವ ಹಾಗಿಲ್ಲ. ಅಕ್ಷರದಿಂದ ಗುರುತು ಸಿಗಬಾರದೆಂದು ಎಲ್ಲ ಚೀಟಿಗಳನ್ನೂ ಮಮತಾಳೇ ಬರೆಯುತ್ತಿದ್ದಳು. ಹೆಂಗಸರು ಜಂಪರಿನ ಅಳತೆ ಕೊಡಲು ಬಂದಾಗ ಅವಳ ಕಿವಿಯಲ್ಲಿ ಹೇಳಿ ಹೋಗುತ್ತಿದ್ದರು. ಗಂಡನ ಕುಡಿತ, ನಿಂತುಹೋದ ಮದುವೆ, ಡಾಕ್ಟರಿಗೂ ತೋರಿಸದ ಗಂಟು. ಅವಳು ಟೇಪು ಹಿಡಿದುಕೊಂಡೇ ಕೇಳಿ, ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಹಿಂಬದಿಯ ಬಿಳಿಯ ಮೇಲೆ ಬರೆದಿಡುತ್ತಿದ್ದಳು.

ಹನ್ನೊಂದು ವರ್ಷ ಅವಳು ಒಂದು ನೇಮ ಹಿಡಿದಿದ್ದಳು. ಕೂಟದಲ್ಲಿ ಕೇಳಿದ ಒಂದೇ ಒಂದು ಮಾತೂ ಕಾದಂಬರಿಗೆ ಹೋಗಬಾರದು. ಆ ಬಾಗಿಲನ್ನು ಅಷ್ಟು ಎಚ್ಚರದಿಂದ ಕಾದವಳಿಗೆ, ಕಾದಂಬರಿಯದು ಕೂಟಕ್ಕೆ ಬರಬಹುದೆಂದು ಹೊಳೆದಿರಲಿಲ್ಲ. ಯಾಕೆಂದರೆ ಕತೆಯನ್ನೂ ಅವಳು ಚೀಟಿಗಳಲ್ಲೇ ಹೊಂದಿಸುತ್ತಿದ್ದಳು. ಒಂದು ಸನ್ನಿವೇಶಕ್ಕೆ ಒಂದು ಚೀಟಿ, ಅದೇ ಕ್ಯಾಲೆಂಡರು, ಅದೇ ಕತ್ತರಿ. ಅವು ಗುಂಡಿ ಇಡುವ ಡಬ್ಬಿಯಲ್ಲಿರುತ್ತಿದ್ದವು, ಕೂಟದವು ಸಂಚಿಯಲ್ಲಿ.

ಹೋದ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಕೂಟ ದೇವವ್ವಾಯಿಯ ಮನೆಯಲ್ಲಿತ್ತು. ದೇವವ್ವಾಯಿಗೆ ಎಪ್ಪತ್ತೆಂಟು. ಓದು ಬಾರದು, ಪಕ್ಕದ ಮನೆಯವಳಾದ ನಾನು ಅವಳ ಚೀಟಿ ಓದಿ ಹೇಳುತ್ತಿದ್ದೆ. ಸಾಮಾನ್ಯವಾಗಿ ಮಂಡಿನೋವು, ಮಗನಿಗೆ ಕನ್ಯೆ, ಇಂಥವೇ ಇರುತ್ತಿದ್ದವು. ಅಂದು ಎಲ್ಲರೂ ಹೋದ ಮೇಲೆ ಅವಳು ಚೀಟಿ ಬಿಚ್ಚಿ ನನ್ನ ಕೈಗಿಟ್ಟಳು.

"ಓದವಾ."

ನಾನು ಓದಿದೆ. "ಸೀಮಾ. ಲಕ್ಷ್ಮೇಶ್ವರ, ಹಳೆಯ ಹತ್ತಿ ಗೋದಾಮಿನ ಮೇಲಿನ ಕೋಣೆ. ಹೊರಗಿನಿಂದ ಚಿಲಕ. ಇಂದಿಗೆ ಹನ್ನೊಂದು ದಿನ. ಸೋಮೇಶ ಬರುತ್ತಾನೆಂದು ನಂಬಿದ್ದಾಳೆ. ಅವಳನ್ನು ಕಾಪಾಡುವವರು ಯಾರು?"

ದೇವವ್ವಾಯಿ ಚೀಟಿಯನ್ನು ತಿರುಗಿ ಇಸಿದುಕೊಂಡು, "ಉಣ್ಣಾಕ ಯಾರು ಕೊಡತಾರ ಅಕಿಗೆ?" ಎಂದಳು.

"ಅದನ್ನ ಬರದಿಲ್ರಿ ಆಯಿ."

"ಬರೀಬೇಕಿತ್ತು. ಅದನ್ನ ಮೊದಲ ಬರೀಬೇಕಿತ್ತು."

ಅಂದಿನಿಂದ ಸೀಮಾ ನಮ್ಮ ಎರಡೂ ಮನೆಗಳಲ್ಲಿ ಇರತೊಡಗಿದಳು. ದೇವವ್ವಾಯಿ ಬೆಳಿಗ್ಗೆ ಅಂಗಳ ಗುಡಿಸುತ್ತ, "ಇವತ್ತ ಗಾಳಿ ಬಿಟ್ಟೈತಿ, ಆ ಕೋಣಿಗೆ ಒಂದು ಕಿಡಕಿ ಇರಬೇಕು ನೋಡು" ಎನ್ನುತ್ತಿದ್ದಳು. ಮರುದಿನ ಆ ಕಿಟಕಿಯ ಕೆಳಗೆ ಒಂದು ನೀರಿನ ಗಡಿಗೆ ಬಂತು. ಅದರ ಮರುದಿನ ಸೀಮಾಳಿಗೆ ಉದ್ದ ಹೆರಳು ಬಂತು, ಹನ್ನೊಂದು ದಿನ ಎಣ್ಣೆ ಕಾಣದ ಹೆರಳು. ಮೊಣಕಾಲೂರಿ ಕಣ್ಣು ಮುಚ್ಚಿದರೆ ನನಗೂ ಆ ಕೋಣೆಯೇ ಕಾಣುತ್ತಿತ್ತು. ಮೂಲೆಯಲ್ಲಿ ಹಳೆಯ ಹತ್ತಿಯ ಎಳೆಗಳು ಗಾಳಿಗೆ ಎದ್ದು ಕುಳಿತುಕೊಳ್ಳುತ್ತಿದ್ದವು. ದೂರದ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳು ತಿರುಗುತ್ತಿದ್ದವು, ನಿಧಾನವಾಗಿ, ಯಾರೋ ಯೋಚಿಸುತ್ತಿರುವ ಹಾಗೆ. ಅವಳು ಕಿಟಕಿಗೆ ಗಲ್ಲವೂರಿ ಅವನ್ನು ಎಣಿಸುತ್ತಿದ್ದಳು. ಕಣ್ಣು ತೆರೆದರೆ ನನ್ನದೇ ಅಡುಗೆಮನೆ, ಉಕ್ಕಿದ ಹಾಲು.

"ಪೊಲೀಸರಿಗೆ ಹೇಳೂದು ಛಲೋ ಅಲ್ರಿ?" ಎಂದು ನಾನು ಒಮ್ಮೆ ಕೇಳಿದೆ.

"ಹೇಳಿದ್ದು ಗೊತ್ತಾಗಿ ಅಕಿ ಜೀವಕ್ಕ ಏನರ ಮಾಡಿದ್ರ? ಮೊದಲ ನೋಡಿ ಬರೋರು ಒಬ್ಬರು ಬೇಕು."

ನೋಡಿ ಬರಲು ಅವಳು ಯಾರನ್ನು ಹುಡುಕಿದಳೆಂದು ನನಗೆ ಆಗ ತಿಳಿಯಲಿಲ್ಲ. ಎರಡನೆಯ ಶುಕ್ರವಾರ ಬೆಳಿಗ್ಗೆ ಡ್ಯೂಟಿಗೆ ಹೊರಟ ಸುಭಾಷನನ್ನು ಅವಳು ಓಣಿಯ ತಿರುವಿನಲ್ಲಿ ನಿಲ್ಲಿಸಿದಳು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಡಬ್ಬಿ.

"ಲಕ್ಷ್ಮೇಶ್ವರದಾಗ ಹಳೇ ಹತ್ತಿ ಗೋದಾಮು ಎಲ್ಲೈತಿ, ಗೊತ್ತೇನಪಾ?"

"ಎರಡು ಮೂರು ಇರಬೇಕ್ರಿ ಆಯಿ. ಯಾಕ್ರಿ?"

"ಒಂದರ ಮ್ಯಾಲಿನ ಕೋಣ್ಯಾಗ ಸೀಮಾ ಅಂತ ಹುಡುಗಿ ಐತಿ. ಹೊರಗಿಂದ ಚಿಲಕ ಹಾಕ್ಯಾರ. ಹೆಂಗರ ಮಾಡಿ ಈ ಬುತ್ತಿ ಮುಟ್ಟಿಸು. ಯಾರ ಮುಂದೂ ಬಾಯಿ ಬಿಡಬ್ಯಾಡ."

ಸುಭಾಷನಿಗೆ ಸೀಮಾ ಗೊತ್ತಿದ್ದಳು. ಒಂದು ತಿಂಗಳಿಂದ ಊಟಕ್ಕೆ ಕುಳಿತಾಗಲೆಲ್ಲ ಹೆಂಡತಿ ಅವಳ ಸುದ್ದಿಯನ್ನೇ ಹೇಳುತ್ತಿದ್ದಳು. ಅವನು ಡಬ್ಬಿ ಇಸಿದುಕೊಂಡ. ಶಿರಹಟ್ಟಿ ದಾಟಿ ಲಕ್ಷ್ಮೇಶ್ವರಕ್ಕೆ ಹೋಗಿ ತಿರುಗಿ ಬರುವವರೆಗೂ ಅದು ಅವನ ಸೀಟಿನ ಪಕ್ಕದಲ್ಲೇ ಇತ್ತು. ಮಧ್ಯಾಹ್ನ ಮನೆಗೆ ಬಂದು, ಬರೆಯುತ್ತ ಕುಳಿತಿದ್ದ ಮಮತಾಳ ಮುಂದೆ ಅದನ್ನು ಇಟ್ಟ.

"ನಿನ್ನ ಸೀಮಾಗ ಬುತ್ತಿ ಬಂದೈತಿ."

ಅವಳು ಮೊದಲು ನಕ್ಕಳಂತೆ. ಅವನು ನಗಲಿಲ್ಲ. ಕೇಳುತ್ತ ಕೇಳುತ್ತ ಅವಳ ಕೈ ತಾನಾಗಿ ಗುಂಡಿಯ ಡಬ್ಬಿಗೆ ಹೋಯಿತು. ಹದಿನೈದು ದಿನದ ಹಿಂದೆ ಒಂದು ಚೀಟಿ ಕಾಣದೆ, ಎಲ್ಲೋ ಬಿತ್ತೆಂದು ಇನ್ನೊಂದು ಬರೆದು ಇಟ್ಟಿದ್ದಳು. ಬುತ್ತಿ ಬಿಚ್ಚಿದರೆ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೂಲೆಯಲ್ಲಿ ಒಂದು ಚೂರು ಬೆಲ್ಲ. ದೇವವ್ವಾಯಿ ಆ ಉಪವಾಸದ ಶುಕ್ರವಾರಗಳನ್ನು ಸೀಮಾಳಿಗೆಂದೇ ಹಿಡಿದಿದ್ದಳು, ನೀರಿನ ಹೊರತು ಏನೂ ಮುಟ್ಟುತ್ತಿರಲಿಲ್ಲ. ಹಸಿದುಕೊಂಡೇ ರೊಟ್ಟಿ ಬಡಿದಿದ್ದಳು.

ಚೆಲ್ಲಲು ಆಗಲಿಲ್ಲ, ಬೇರೆಯವರಿಗೆ ಕೊಡಲೂ ಮನಸ್ಸಾಗಲಿಲ್ಲ. ಮಮತಾ ಅದನ್ನು ತಾನೇ ಉಂಡಳು, ಒಂದು ತುತ್ತೂ ಬಿಡದೆ.

ಆಮೇಲೆ ನಾಲ್ಕು ದಿನ ಅವಳು ಬರೆಯಲಿಲ್ಲ. ಕಡೆಯ ಅಧ್ಯಾಯ ಬಾಕಿಯಿತ್ತು. ಪ್ರಕಾಶಕರ ಫೋನು ಬಂದರೆ ಎತ್ತುತ್ತಿರಲಿಲ್ಲ. ಮಗ್ಗಗಳು ನಿಂತವು, ನಡೆದವು, ಅವಳು ಬರಿದೆ ಕುಳಿತಿದ್ದಳು. ಹೇಳಿದರೆ, ತನ್ನ ಕಿವಿಯಲ್ಲಿ ಕಷ್ಟ ಹೇಳಿಕೊಂಡವರೆಲ್ಲ ಏನೆಂದುಕೊಂಡಾರು? ನಮ್ಮ ಮನೆಯ ಗುಟ್ಟನ್ನೂ ಮಾರಿರಬೇಕು ಇವಳು, ಎನ್ನುವುದಿಲ್ಲವೇ? ಹೇಳದಿದ್ದರೆ, ಮುಂದಿನ ಶುಕ್ರವಾರವೂ ಒಬ್ಬ ಮುದುಕಿ ಇಲ್ಲದ ಹುಡುಗಿಗಾಗಿ ಹಸಿದಿರುತ್ತಾಳೆ. ದೇವರ ಮುಂದೆ ಕುಳಿತರೆ ಆ ಬದನೆಕಾಯಿ ಪಲ್ಯದ ವಾಸನೆಯೇ ಬರುತ್ತಿತ್ತು ಎಂದು ಅವಳು ಆಮೇಲೆ ನನಗೆ ಹೇಳಿದಳು. ಕೂಟ, ಕಾದಂಬರಿ ಎರಡರಲ್ಲಿ ಒಂದನ್ನು ಬಿಡಬೇಕು, ಬಿಡುವುದು ಬರವಣಿಗೆಯನ್ನೇ ಎಂದು ನಿರ್ಧರಿಸಿಕೊಂಡು ಮಂಗಳವಾರ ಬಂದಳು. ನಾನು ದೇವವ್ವಾಯಿಯ ಕಟ್ಟೆಯ ಮೇಲೆ ಕುಳಿತು ಮೆಂತ್ಯೆ ಸೋಸುತ್ತಿದ್ದೆ. ಮಮತಾಳ ಕೈಯಲ್ಲಿ ತೊಳೆದ ಡಬ್ಬಿಯಿತ್ತು, ಬರಿದು ಕೊಡಬಾರದೆಂದು ಒಳಗೆ ಒಂದು ಹಿಡಿ ಸಕ್ಕರೆ.

ಡಬ್ಬಿ ಕಂಡ ಕೂಡಲೇ ದೇವವ್ವಾಯಿ ದನಿ ತಗ್ಗಿಸಿ ಕೇಳಿದಳು. "ಮುಟ್ಟಿತೇನ ಅಕಿಗೆ?"

"ನಾ ಉಂಡೆ ಆಯಿ."

"ನೀ ಯಾಕ ಉಂಡಿ?"

"ಸೀಮಾ ಇಲ್ರಿ. ಅಕಿನ್ನ ನಾನ ಬರದದ್ದು. ನಾ ಕಾದಂಬರಿ ಬರೀತೇನ್ರಿ. ಕತಿ ಚೀಟಿ ತಪ್ಪಿ ಸಂಚ್ಯಾಗ ಬಿದ್ದೈತಿ."

ದೇವವ್ವಾಯಿ ನನ್ನ ಕಡೆ ನೋಡಿದಳು. ನಾನೇ ಏನೋ ತಪ್ಪು ಓದಿರಬೇಕು ಎನ್ನುವ ಹಾಗೆ.

"ಗೋದಾಮು?"

"ಇಲ್ರಿ."

"ಆ ಸೋಮೇಶ?"

"ಅಂವನೂ ಇಲ್ರಿ."

"ಅಂವಾ ಇಲ್ಲದಿದ್ರ ಅಷ್ಟ ಹೋತು. ಇಷ್ಟು ದಿನ ಆತು, ಒಂದು ಸಲ ಬಂದು ನೋಡಲಿಲ್ಲ ಖೋಡಿ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಎರಡು ಶುಕ್ರವಾರ ನೀರು ಕುಡದು ಕುಂತೇನಿ ನಾನು."

ಮಮತಾ ಅಳುತ್ತಿದ್ದಳು. "ತಪ್ಪಾತ್ರಿ. ನಾಳೆ ಕೂಟದಾಗ ಎಲ್ಲಾರ ಮುಂದ ಹೇಳತೇನಿ. ಇನ್ನ ಮ್ಯಾಲ ಒಂದಕ್ಷರ ಬರಿಯೂದಿಲ್ಲ."

ದೇವವ್ವಾಯಿ ಡಬ್ಬಿಯ ಮುಚ್ಚಳ ತೆಗೆದು ಸಕ್ಕರೆ ನೋಡಿ ಮತ್ತೆ ಮುಚ್ಚಿದಳು. ಎದುರಿನ ಮಗ್ಗ ನಿಂತಿತು.

"ಈಗ ಎಲ್ಲದಾಳ ಅಕಿ?"

"ಅಲ್ಲೇ ಅದಾಳ್ರಿ. ಕೋಣ್ಯಾಗ."

"ಚಿಲಕ ಯಾರ ಕೈಯಾಗೈತಿ?"

"ನನ್ನ ಕೈಯಾಗ."

"ಅಕಿನ್ನ ಒಳಗ ಬಿಟ್ಟು, ಬರಿಯೂದಿಲ್ಲ ಅಂತ ಎದ್ದು ಬಂದೀಯಲ್ಲ, ಎಂಥಾಕಿ ನೀನು?" ದೇವವ್ವಾಯಿಯ ದನಿ ಏರಲಿಲ್ಲ. "ಬಿಡೂದಾದ್ರ ಆಮ್ಯಾಲ ಬಿಡುವಂತಿ. ಮೊದಲ ಬಾಗಲಾ ತಗಿ."

ಮಮತಾ ನನ್ನ ಪಕ್ಕ ಕುಳಿತು ಉಳಿದ ಮೆಂತ್ಯೆ ಸೋಸಿದಳು. ಎದ್ದು ಹೋಗುವಾಗ ಅಂಗಳದ ಅಂಚಿನಲ್ಲಿ ನಿಂತು ಕೇಳಿದಳು. "ಆಯಿ, ನಿಮ್ಮ ಬುತ್ತಿ ಕತಿಯಾಗ ತಗೊಳ್ಳೇನ್ರಿ?"

"ಉಂಡು ತೊಳದು ತಂದಿ. ಈಗ ಕೇಳತಿ."

ಮರುದಿನ ಕೂಟದಲ್ಲಿ ಪ್ರಾರ್ಥನೆ ಮುಗಿದ ಮೇಲೆ ಅವಳು ಎದ್ದು ನಿಂತು ಎಲ್ಲ ಹೇಳಿದಳು. ಕೆಲವರು ನಕ್ಕರು, ಕೆಲವರು ಸೆರಗು ಸರಿಮಾಡಿಕೊಂಡರು. ಒಬ್ಬಾಕೆ ನೇರವಾಗಿ ಕೇಳಿದಳು. "ನಮ್ಮ ಮಾತು ಎಷ್ಟು ಹೋಗ್ಯಾವ ನಿನ್ನ ಪುಸ್ತಕದಾಗ?" ಮಮತಾ ಚೀಲದಿಂದ ಹದಿನಾಲ್ಕೂ ಪುಸ್ತಕ ತೆಗೆದು ಚಾಪೆಯ ಮೇಲೆ ಇಟ್ಟಳು. "ಓದಿ ನೋಡ್ರಿ. ಒಂದು ಮಾತು ಸಿಕ್ಕರೂ ನನ್ನ ಕರೀರಿ." ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರೂ ಒಂದೊಂದು ಪುಸ್ತಕ ಎತ್ತಿಕೊಂಡು ಮನೆಗೆ ಹೋದರು.

ಸಭಾಪಾಲಕರ ಹೆಂಡತಿ ಮಾತ್ರ ಹೊರಡುವ ಮುನ್ನ ಅವಳ ಭುಜದ ಮೇಲೆ ಕೈಯಿಟ್ಟು, ಸಂಚಿ ಇನ್ನು ಬೇರೆಯವರ ಹತ್ತಿರ ಇರಲಿ ಎಂದರು. ಮಮತಾ ತಾನೇ ಹೊಲಿದ ಆ ಸಂಚಿಯನ್ನು ಕೊಟ್ಟಳು. ಅದು ಅವಳಿಗೆ ತಿರುಗಿ ಬಂದಿಲ್ಲ. ಈಗ ನನ್ನ ಹತ್ತಿರ ಇದೆ. ಅವಳೂ ಉಳಿದವರ ಹಾಗೆ ಬಂದು ನನ್ನ ಕಿವಿಯಲ್ಲಿ ಹೇಳಿ ಹೋಗುತ್ತಾಳೆ, ನಾನು ಬರೆಯುತ್ತೇನೆ. ಏನೆಂದು ಹೇಳುವ ಹಾಗಿಲ್ಲ.

ಹದಿನಾಲ್ಕು ಪುಸ್ತಕದಲ್ಲಿ ಯಾರಿಗೂ ತಮ್ಮ ಮಾತು ಸಿಗಲಿಲ್ಲ. ದೂರು ಬಂದದ್ದು ಒಂದೇ, ಅದೂ ನೇರವಾಗಿ ಕೇಳಿದ್ದ ಆಕೆಯಿಂದ. "ಇಷ್ಟು ಜೀವ ತಿಂದು ಕಡೀಕ ಕೈ ಹಿಡಿಯೂದು ಒಂದನ?" ಆಮೇಲೆ ಅವಳು ಇನ್ನೊಂದು ಪುಸ್ತಕ ಕೇಳಿ ಒಯ್ದಳು.

ಹೊಸ ಕಾದಂಬರಿ ಈಸ್ಟರ್ ಕಳೆದು ಎರಡು ತಿಂಗಳಿಗೆ ಬಂತು. ಮಮತಾ ಮೊದಲ ಪ್ರತಿಯನ್ನು ದೇವವ್ವಾಯಿಯ ಕೈಗೆ ಕೊಟ್ಟು, ನಿಲ್ಲದೆ ಹೋಗಿಬಿಟ್ಟಳು. ನಾನು ದಿನಕ್ಕಿಷ್ಟು ಓದಿ ಹೇಳಿದೆ. ಹನ್ನೆರಡನೆಯ ದಿನ, ಮಗ್ಗಗಳು ನಿಂತ ಹೊತ್ತಿಗೆ, ಆ ಕೋಣೆಗೆ ಬಂದೆವು. ಅಲ್ಲಿ ಒಂದು ಕಿಟಕಿಯಿತ್ತು. ಕಿಟಕಿಯ ಬಗ್ಗೆ ನಾವು ಮಮತಾಳಿಗೆ ಹೇಳಿಯೇ ಇರಲಿಲ್ಲ. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸದ್ದು, ನಿಂತು ನಿಂತು ಬರುವ ಹೆಜ್ಜೆ. ಸೋಮೇಶನೋ, ಅವಳನ್ನು ಕೂಡಿಹಾಕಿದವನೋ ಎಂದು ಸೀಮಾ ಗೋಡೆಗೆ ಒರಗಿ ಉಸಿರು ಹಿಡಿದಳು. ಚಿಲಕ ಸರಿಯಿತು. ಬಾಗಿಲಲ್ಲಿ ನಿಂತಿದ್ದವಳು ಬಟ್ಟೆಯಲ್ಲಿ ಕಟ್ಟಿದ ಡಬ್ಬಿ ಹಿಡಿದ ಒಬ್ಬ ಮುದುಕಿ.

ನಾನು ಓದುವುದನ್ನು ನಿಲ್ಲಿಸಿದೆ. ದೇವವ್ವಾಯಿ ಕಣ್ಣು ಮುಚ್ಚಿಕೊಂಡಿದ್ದಳು.

"ಮೆಟ್ಟಲಾ ಎಷ್ಟಂತ ಬರದಾಳ?"

"ಹದಿನೇಳ್ರಿ."

"ನನ್ನ ಮೊಳಕಾಲು ಗೊತ್ತಿದ್ದೂ ಹದಿನೇಳು ಹತ್ತಿಸ್ಯಾಳ." ಅವಳು ಕಾಲು ಚಾಚಿ ಮಂಡಿ ತಿಕ್ಕಿಕೊಂಡಳು. "ಮುಂದ ಓದು. ಉಂಡಳಿಲ್ಲೋ ಅಕಿ?"

ನಾನು ಪುಟ ತಿರುವಿದೆ. "ಉಣ್ಣಾಕತ್ಯಾಳ್ರಿ ಆಯಿ."