ಮಗ್ಗದ ತಾಳಕ್ಕೆ ಬಂದ ಹೆಸರು

ಮೊನ್ನೆ ಹೊಸ ಸೀರೆಯೊಂದರ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ಅದರ ಹಿಂದೆಯೇ ದೊಡ್ಡಬಳ್ಳಾಪುರದ ನಮ್ಮ ಬೀದಿ, ಪಕ್ಕದ ಮನೆಯ ಮಗ್ಗ, ಅತ್ತೆ... ಅವರು ನಮಗೆ ನೆಂಟರಲ್ಲ, ಬೀದಿಗೆಲ್ಲ ಅತ್ತೆ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ಅತ್ತೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಬುದ್ಧಿಯೂ ಹೋಗಿದ್ದರೆ ತವರಿಗೆ ಕಳಿಸಿ, ಮಗನಿಗೆ ಬೇರೆ ಹೆಣ್ಣು ತರುವುದೆಂದು ಅವರ ಗಂಡನ ತಾಯಿ ಹಟ ಹಿಡಿದಿದ್ದರು.

ಬೆಂಗಳೂರಿನಿಂದ ಬಂದ ಡಾಕ್ಟರು ಪರೀಕ್ಷಿಸಲೆಂದು ಕೇಳಿದರು: "ಯಜಮಾನರ ಹೆಸರೇನಮ್ಮ?"

ಅತ್ತೆ ತಲೆ ತಗ್ಗಿಸಿದರು.

"ನೋಡಿದ್ರಾ, ಗಂಡನ್ನೇ ಮರ್ತವ್ಳೆ!" ಎಂದಿತು ಮುದುಕಿ.

ಬಾಗಿಲಲ್ಲಿದ್ದ ನಮ್ಮಮ್ಮ ಬಿಡಲಿಲ್ಲ. "ನೀವ್ ಯಾವತ್ತಾದ್ರೂ ನಿಮ್ಮೋರ ಹೆಸ್ರು ಹೇಳಿದ್ರಾ? ಡಾಕ್ಟ್ರೇ, ಅವ್ಳು ಚೆನ್ನಾಗಿದ್ದಾಗ್ಲೇ ಹೇಳ್ದೋಳಲ್ಲ. ಮದ್ವೇಲಿ ಒಂದ್ಸಲ ಹೇಳಿದ್ದು, ಅದೂ ಮಗ್ಗದ್ ತಾಳಕ್ಕೆ ಪದ ಕಟ್ಟಿ."

ಡಾಕ್ಟರು ನಕ್ಕುಬಿಟ್ಟರು. "ಹಾಗಾದ್ರೆ ಆ ಪದಾನೇ ಹೇಳ್ಸೀಮ್ಮ."

ಅತ್ತೆಯ ಗಂಡ ಹೋಗಿ ಮಗ್ಗಕ್ಕೆ ಕೂತರು. ಲಾಳಿ ಟಕ್ಕು ಟಕ್ಕೆಂದು ಓಡತೊಡಗಿತು. ಅದರ ತಾಳಕ್ಕೆ ಅಮ್ಮ, ಉದ್ದ ನೂಲಿನ ಹಾಸು, ಅಡ್ಡ ನೂಲಿನ ಹೊಕ್ಕು ಸೇರಿಸಿ ಕಟ್ಟಿದ ಆ ಪದವನ್ನು ಎತ್ತಿಕೊಟ್ಟರು: "ಹಾಸಿಗೆ ಹಸಿರೆಳೆ, ಹೊಕ್ಕಿಗೆ ಕೆಂಪೆಳೆ..."

ಅತ್ತೆಯ ತುಟಿ ಅದುರಿತು. "ಸೆರಗಿಗೆ ಜರಿಯೆಳೆ, ನನ್ನ ಪಾಲಿಗೆ..." ಎಂದು ಹಾಡಿ, ಕೊನೆಗೆ ಗಂಡನ ಹೆಸರನ್ನೂ ಹೇಳಿದರು. ಲಾಳಿ ನಿಂತಿತು.

ಬೇರೆ ಹೆಣ್ಣಿನ ಮಾತು ಅಂದಿಗೇ ಮುಗಿಯಿತು. ಆಮೇಲೆ ಅತ್ತೆ ಎಡಗೈಯಿಂದ ತೊಡೆ ತಟ್ಟುತ್ತ, ನೀ-ರು, ಉ-ಪ್ಪು ಎಂದು ಒಂದೊಂದೇ ಮಾತನ್ನು ಹಾಡಿ ಹಾಡಿ ಮರಳಿ ಕಲಿತರು. ಉಪ್ಪೆನ್ನಲು ಹೋಗಿ ಅಪ್ಪ ಎಂದರೆ, ನಾವು ನಗುವ ಮೊದಲೇ ಅವರೇ ನಗುತ್ತಿದ್ದರು. ಅಷ್ಟು ಸೋತು ಅಷ್ಟು ಹಗುರಾಗಿ ಕಲಿತವರನ್ನು ನಾನು ಬೇರೆ ಕಂಡಿಲ್ಲ.

ಮಿದುಳಿನಲ್ಲಿ ಹಾಡಿನ ದಾರಿಯೂ ಮಾತಿನ ದಾರಿಯೂ ಒಂದೇ ಅಲ್ಲ, ಒಂದು ಕುಸಿದರೂ ಇನ್ನೊಂದು ಉಳಿಯಬಹುದು ಎಂದು ಬಹಳ ವರ್ಷಗಳ ಮೇಲೆ ಓದಿದೆ. ಆದರೆ ನೆನೆದಾಗಲೆಲ್ಲ ನೆನಪು ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂದೂ ಅದೇ ಶಾಸ್ತ್ರ ಹೇಳುತ್ತದೆ. ನನ್ನ ಕಣ್ಣಿಗೆ ಈಗ ಮಗ್ಗದಲ್ಲಿ ಕೂತು ಹಾಡುತ್ತಿರುವವರು ಅತ್ತೆಯೇ. ಬಲಗೈ ಬಿದ್ದವರು ನೇಯುವುದು ಹೇಗೆ? ಹಾಡನ್ನಾದರೂ ನಾನೇ ಕೇಳಿದೆನೋ, ಅಮ್ಮ ಹೇಳಿದ್ದೋ...

ಕೇಳೋಣವೆಂದರೆ ಅಮ್ಮನಿಲ್ಲ, ಅತ್ತೆಯೂ ಇಲ್ಲ. ಅವರ ಗಂಡನ ಹೆಸರು ಮಾತ್ರ ಆ ತಾಳದೊಡನೆ ಇಂದಿಗೂ ತಾನಾಗಿ ನಾಲಿಗೆಗೆ ಬರುತ್ತದೆ. ಅತ್ತೆಯ ಹೆಸರು ನನಗೆ ಗೊತ್ತಿಲ್ಲ. ಅದನ್ನು ಯಾರೂ ಪದ ಕಟ್ಟಿ ಹಾಡಿದ್ದನ್ನು ನಾನು ಕೇಳಲಿಲ್ಲ.