ಗಿರಿಜಾ ತೋಡಿಸಿದ ಮೂರು ಗುಂಡಿಗಳು

ಕಳೆದ ಭಾನುವಾರ ನನ್ನ ಹೆಂಡತಿ ಹೊಚ್ಚಹೊಸ ತಡೆಗೋಡೆಯೊಂದರ ಬುಡ ಅಗೆಸಿದಳು. ಮಳೆಗಾಲ ಹೊಸ್ತಿಲಿಗೆ ಬಂದು ನಿಂತಿರುವಾಗ. ಅದೂ ನಮ್ಮದೇ ಬೀದಿಯ ಗೋಡೆ. ಬೀದಿಯವರೆಲ್ಲ ಬಂದು ‘ಇದೇನಿದು’ ಎಂದು ಕೇಳಿದ್ದು ಯಾರನ್ನು? ನನ್ನನ್ನು.

ನಾನು ವಿರಾಜಪೇಟೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುವವನು. ಸಿಮೆಂಟಿನ ಬಗ್ಗೆ ನನಗೆ ತಿಳಿದಿರುವುದು ಅದು ಬೂದು ಬಣ್ಣದ್ದು ಎಂಬುದಷ್ಟೇ. ತಿಳಿದಿರುವವಳು ಗಿರಿಜಾ. ಅವಳು ಕ್ವಾಂಟಿಟಿ ಸರ್ವೇಯರ್. ಸರ್ವೇಯರ್ ಎಂದ ಕೂಡಲೇ ತೋಟದ ಗಡಿ ಜಗಳ ಹೊತ್ತು ತರುವವರಿದ್ದಾರೆ. (ಜಗಳದ ಎರಡೂ ಪಾರ್ಟಿ ಒಂದೇ ಜೀಪಿನಲ್ಲಿ ಬಂದದ್ದೂ ಉಂಟು.) ಅವಳ ಕೆಲಸ ಅದಲ್ಲ. ಒಂದು ಕಟ್ಟಡಕ್ಕೆ ಎಷ್ಟು ಕಲ್ಲು, ಎಷ್ಟು ಕಬ್ಬಿಣ ಬೇಕು, ಎಷ್ಟು ಖರ್ಚಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು. ಕಟ್ಟಿದ ಮೇಲೆ, ನಿಜಕ್ಕೂ ಕಟ್ಟಿದ್ದೆಷ್ಟು ಎಂದು ಅಳೆದು ಬಿಲ್ಲು ಪಾಸು ಮಾಡಬೇಕು. ಮೊದಲನೆಯದಕ್ಕೆ ಗಣಿತ ಸಾಕು. ಎರಡನೆಯದಕ್ಕೆ ಗುಂಡಿಗೆಯೂ ಬೇಕು.

ನಮ್ಮ ಬೀದಿ ಗುಡ್ಡ ಕಡಿದು ಮಾಡಿದ್ದು. ಜೋರು ಮಳೆ ಬಂದರೆ ಮೇಲಿನ ಮಣ್ಣು ಕೆಳಗಿನ ಮನೆಗಳತ್ತ ಜಾರುತ್ತದೆ. ಸರ್ಕಾರದವರು ಏನಾದರೂ ಮಾಡಲಿ ಎಂದು ಕಾದು ಕಾದು ಸಾಕಾಗಿ, ನಾವೇ ವಂತಿಗೆ ಹಾಕಿ ಕಲ್ಲಿನ ತಡೆಗೋಡೆ ಕಟ್ಟಿಸಿದೆವು. ನಮ್ಮ ಬೀದಿಯ ಸಂಘದ ಅಧ್ಯಕ್ಷರು ಪೂವಯ್ಯನವರು, ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮ್ಯಾನೇಜರಾಗಿ ರಿಟೈರ್ ಆದವರು. ಕಂಟ್ರಾಕ್ಟರ್ ಸಿದ್ದಾಪುರದ ಶಾಜಿ. ಅಳತೆ, ಲೆಕ್ಕ ಗಿರಿಜಾಳದ್ದು. ಸಂಬಳವಿಲ್ಲದ ಕೆಲಸ, ಬೀದಿಯ ಸೇವೆ!

ಪಾಯ ತೋಡುವ ಹೊತ್ತಿಗೆ ಅವಳು ಊರಲ್ಲಿರಲಿಲ್ಲ. ಆಪರೇಷನ್ ಆದ ತಾಯಿಯನ್ನು ನೋಡಿಕೊಳ್ಳಲು ಶನಿವಾರಸಂತೆಯ ತವರಿಗೆ ಹೋಗಿದ್ದಳು. ನಾವು ಉಳಿದವರು ರಸ್ತೆಯಲ್ಲೇ ನಿಂತು ‘ಕೆಲಸ ಆಗ್ತಾ ಇದೆ’ ಎಂದುಕೊಂಡೆವು. ಒಬ್ಬನೂ ಇಳಿದು ನೋಡಲಿಲ್ಲ. ಅವಳು ವಾಪಸು ಬಂದಾಗ ಗೋಡೆ ಎದ್ದಿತ್ತು, ಪಾಯದ ಮೇಲೆ ಮಣ್ಣು ಮುಚ್ಚಿತ್ತು.

ಆಮೇಲೆ ಬಿಲ್ಲು ಬಂತು. ಪಾಯ ನಾಲ್ಕು ಅಡಿ ಎಂದು ಮಾತಾಗಿತ್ತು. ಆದರೆ ಗೋಡೆಯ ನಡುವಿನಿಂದ ರಸ್ತೆಯ ತಿರುವಿನವರೆಗೆ ಆರು ಅಡಿ ಇಳಿಸಿದ್ದೇನೆ, ಆ ಹೆಚ್ಚುವರಿ ಕೆಲಸದ್ದೂ ಕೊಡಿ ಎಂದು ಶಾಜಿ ಬರೆದಿದ್ದ. ಅಲ್ಲಿ ಮಣ್ಣು ಮೆತ್ತಗಿತ್ತು, ನೀರಿನ ಒಸರಿತ್ತು, ಅಧ್ಯಕ್ಷರಿಗೆ ಫೋನ್ ಮಾಡಿ ಹೇಳಿದ್ದೆ ಎಂಬುದು ಅವನ ಮಾತು. ಪೂವಯ್ಯನವರಿಗೆ ಅಂಥ ಫೋನು ಬಂದ ನೆನಪೇ ಇರಲಿಲ್ಲ.

ಮೀಟಿಂಗು ಸೇರಿತು. ಕಾಫಿ ಬರುವಷ್ಟರಲ್ಲಿ ಶಾಜಿ ಕಳ್ಳನಾಗಿದ್ದ. ಮಣ್ಣಿನಡಿಯ ಗೋಡೆಯನ್ನು ಎಷ್ಟು ಅಡಿ ಅಂತಲಾದರೂ ಹೇಳಬಹುದಲ್ಲ ಎಂದರೊಬ್ಬರು. ಇನ್ನೊಬ್ಬರಿಗೆ ಅವನ ಹೊಸ ಬೈಕು ನೆನಪಾಯಿತು. (ಬೈಕಿಗೂ ಪಾಯಕ್ಕೂ ಏನು ಸಂಬಂಧ? ಕಳ್ಳ ಎಂದು ತೀರ್ಮಾನವಾದ ಮೇಲೆ ಎಲ್ಲಕ್ಕೂ ಸಂಬಂಧವಿರುತ್ತದೆ.) ಎಲ್ಲ ಕಡೆ ನಾಲ್ಕೇ ಅಡಿ ಎಂದು ಗಿರಿಜಾ ಬರೆದುಕೊಟ್ಟರೆ ಮುಗಿಯಿತು ಎಂದು ಎಲ್ಲರೂ ಅವಳ ಕಡೆ ತಿರುಗಿದರು.

“ನೀವು ನಮ್ಮವರೇ ಅಲ್ವಾ ಮೇಡಂ” ಎಂದರು ಪೂವಯ್ಯ.

“ನಾನು ನೋಡಿಲ್ಲ ಸರ್” ಎಂದಳು ಗಿರಿಜಾ. “ನಾಲ್ಕು ಅಂತಲೂ ಬರಿಯಲ್ಲ, ಆರು ಅಂತಲೂ ಬರಿಯಲ್ಲ. ಅಗೆದು ನೋಡಿ ಬರೀತೀನಿ.”

ಮನೆಗೆ ಬಂದ ಮೇಲೆ ನಾನು ಮೆಲ್ಲಗೆ ಹೇಳಿ ನೋಡಿದೆ. ಮಳೆ ಹತ್ತಿರ ಬಂತು, ಇವರ ಮುಖವನ್ನೇ ದಿನಾ ನೋಡಬೇಕು, ನಮಗ್ಯಾಕೆ ಎಂದೆ. ಅವಳು ಸಿಟ್ಟಾಗಲಿಲ್ಲ. ಕಳ್ಳ ಅಂತ ಹೆಸರು ಬಂದಮೇಲೆ ಈ ಸುತ್ತಮುತ್ತ ಅವನಿಗೆ ಯಾರು ಕೆಲಸ ಕೊಡುತ್ತಾರೆ ಎಂದು ಕೇಳಿದಳು.

ಭಾನುವಾರ ಬೆಳಗ್ಗೆ ಇಬ್ಬರು ಆಳುಗಳು ಬಂದರು. ಗೋಡೆಗೆ ತಾಗಿ, ಒಬ್ಬರು ನಿಲ್ಲುವಷ್ಟೇ ಅಗಲದ ಗುಂಡಿ. ನೋಡಿದ ಕೂಡಲೇ ಮುಚ್ಚಿ ಗುದ್ದಿಸಿ ಗಟ್ಟಿ ಮಾಡಿಸುತ್ತೇನೆ ಎಂದು ಅವಳು ಮೊದಲೇ ಹೇಳಿದ್ದಳು. ಆದರೂ ಬೀದಿಯ ಮುಖ ಗಂಟಿಕ್ಕಿತ್ತು. ಶಾಜಿ ದೂರದಲ್ಲಿ ಒಬ್ಬನೇ ನಿಂತಿದ್ದ. ಅವನನ್ನು ಯಾರೂ ಮಾತಾಡಿಸಲಿಲ್ಲ.

ಮೊದಲ ಗುಂಡಿ ತಕರಾರಿಲ್ಲದ ತುದಿಯಲ್ಲಿ. ಅಲ್ಲಿ ನಾಲ್ಕು ಅಡಿಗೆ ಕಲ್ಲು ಮುಗಿಯಿತು. ಗುಂಪಿನಲ್ಲಿ ಯಾರೋ ನಕ್ಕರು.

ಎರಡನೆಯದು ಗೋಡೆಯ ನಡುವೆ. ನಾಲ್ಕು ಅಡಿ ಇಳಿದರೂ ಕಲ್ಲು ಮುಗಿಯಲಿಲ್ಲ. ಇನ್ನೂ ಅಗೆದರು. ಪಕ್ಕದಿಂದ ನೀರು ಜಿನುಗತೊಡಗಿತು. ಗಿರಿಜಾ ಚೂಡಿದಾರದ ಕಾಲು ಮಡಚಿಕೊಂಡು ತಾನೇ ಗುಂಡಿಗೆ ಇಳಿದಳು, ಟೇಪಿನ ತುದಿಯನ್ನು ಕಲ್ಲಿನ ಬುಡಕ್ಕೆ ಒತ್ತಿ ಹಿಡಿದಳು. ಎಷ್ಟೆಂದು ಅವಳು ಹೇಳಲಿಲ್ಲ. ಪೂವಯ್ಯನವರನ್ನೇ ಕರೆದು ಓದಿಸಿದಳು.

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. “ಆರು” ಎಂದರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಶಾಜಿಯೂ ಹಾಗೇ ಅಂದುಕೊಂಡು ಹತ್ತಿರ ಬಂದ. ಮುಖದಲ್ಲಿ ಬೆಳಕಿತ್ತು. ಗಿರಿಜಾ ಮೈಯ ಕೆಸರು ಒರೆಸಿಕೊಂಡು, ಇನ್ನೊಂದನ್ನು ತಿರುವಿನ ಹತ್ತಿರ ಅಗೆಯಿರಿ ಎಂದು ಆಳುಗಳಿಗೆ ಹೇಳಿದಳು.

“ಇನ್ನೆಂತಕ್ಕೆ ಮೇಡಂ, ಸಿಕ್ಕಿತಲ್ಲ” ಎಂದ ಶಾಜಿ.

“ನಿಮ್ಮ ಬಿಲ್ಲಲ್ಲಿ ತಿರುವಿನ ತನಕ ಅಂತ ಇದೆ ಕಣಪ್ಪಾ” ಎಂದಳು.

ಮೂರನೆಯ ಗುಂಡಿಯಲ್ಲಿ ಕಲ್ಲು ನಾಲ್ಕು ಅಡಿಗೇ ನಿಂತಿತ್ತು. ಅಲ್ಲಿ ಮಣ್ಣು ಗಟ್ಟಿ, ಆಳಕ್ಕೆ ಇಳಿಯುವ ಅಗತ್ಯವೇ ಬಿದ್ದಿರಲಿಲ್ಲ. ಮೇಸ್ತ್ರಿ ಅಂದಾಜಿನಲ್ಲಿ ಹೇಳಿದ್ದನ್ನು ಹಾಗೇ ಬರೆದುಬಿಟ್ಟೆ ಎಂದ ಶಾಜಿ, ತಲೆ ತಗ್ಗಿಸಿ. ಈಗ ಗುಂಪಿಗೆ ಮತ್ತೆ ಜೀವ ಬಂತು. ಆದರೆ ಗಿರಿಜಾ ಅದಕ್ಕೂ ಅವನನ್ನು ಕಳ್ಳ ಎನ್ನಲಿಲ್ಲ. ನಡುವಿನ ಗುಂಡಿಯನ್ನು ತಿರುವಿನತ್ತ ಉದ್ದಕ್ಕೆ ಎಳೆಸಿ, ಆರು ಅಡಿ ಎಲ್ಲಿ ಮುಗಿದು ನಾಲ್ಕು ಎಲ್ಲಿ ಶುರುವಾಗಿದೆ ಎಂದು ಹುಡುಕಿ ಗುರುತು ಹಾಕಿದಳು. ಅಲ್ಲಿಯವರೆಗಿನದು ಅವನಿಗೆ. ಅದರಾಚೆಯದು ಕಟ್. ಸಂಜೆಯೊಳಗೆ ಗುಂಡಿಗಳೆಲ್ಲ ಮುಚ್ಚಿ ನೆಲ ಗಟ್ಟಿಯಾಗಿತ್ತು.

ನಾನು ಮೇಷ್ಟ್ರು. ಪಾಸಿನ ಅಂಚಿನಲ್ಲಿರುವ ಮಕ್ಕಳಿಗೆ ಒಂದೆರಡು ಮಾರ್ಕ್ಸ್ ದಾನ ಮಾಡುವವನು. (ಹೆಡ್‌ಮಾಸ್ಟರ್ ಇದನ್ನು ಓದದಿರಲಿ.) ಅವತ್ತು ರಸ್ತೆಯಲ್ಲಿ ನಿಂತು ನನ್ನ ಹೆಂಡತಿಯನ್ನು ನೋಡಿದೆ. ಕೂದಲಲ್ಲಿ ಮಣ್ಣು, ಕೈಯಲ್ಲಿ ಟೇಪು. ಮದುವೆಯಾಗಿ ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳು ಕೆಲಸ ಮಾಡುವುದನ್ನು ನಾನು ನಿಂತು ನೋಡಿದ್ದು ಅದೇ ಮೊದಲು. ‘ಇವಳು ನನ್ನ ಮಿಸೆಸ್’ ಎಂದು ಸಿಕ್ಕಿದವರಿಗೆಲ್ಲ ಹೇಳಬೇಕೆನಿಸಿತು. ಅಲ್ಲಿದ್ದವರಿಗೆಲ್ಲ ಅದು ಗೊತ್ತೇ ಇತ್ತು ಎಂಬುದೊಂದೇ ತೊಂದರೆ.

ಮರುದಿನ ಪೂವಯ್ಯನವರು ಸಂಘದವರನ್ನೆಲ್ಲ ಸೇರಿಸಿದರು. ಗಿರಿಜಾ ಹಾಕಿದ ಲೆಕ್ಕದಂತೆ ಶಾಜಿಗೆ ಕೊಟ್ಟು, ಎಲ್ಲರೆದುರೇ ಹೇಳಿದರು: “ಫೋನು ಬಂದಿತ್ತು ಶಾಜಿ. ‘ನೀವು ಮಾಡಿ ಮಾರಾಯ್ರೆ, ಕೆಲಸ ನಿಲ್ಲಿಸ್ಬೇಡಿ’ ಅಂದಿದ್ದೆ. ಮರ್ತೇ ಹೋಗಿತ್ತು.” ಹಾಗೆ ಹೇಳುವುದಕ್ಕೂ ದೊಡ್ಡ ಮನಸ್ಸು ಬೇಕು. ಶಾಜಿ ಅವರ ಕೈ ಹಿಡಿದುಕೊಂಡ.

ಮೊನ್ನೆ ಗಿರಿಜಾಳಿಗೆ ಸಿದ್ದಾಪುರದ ಕಡೆಯ ಎಸ್ಟೇಟಿನಿಂದ ಕರೆ ಬಂತು. ಕೆಲಸಗಾರರ ಲೈನು ಮನೆಗಳನ್ನು ಹೊಸದಾಗಿ ಕಟ್ಟಿಸುತ್ತಾರಂತೆ. ಕಂಟ್ರಾಕ್ಟು ಶಾಜಿಯದ್ದು. ಅಳತೆಗೆ ಯಾರನ್ನು ಕರೆಯೋಣ ಎಂದು ಮಾಲೀಕರು ಕೇಳಿದ್ದಕ್ಕೆ ಅವನು ಕೊಟ್ಟದ್ದು ಒಂದೇ ಹೆಸರು.

ತನ್ನ ಬಿಲ್ಲಿಗೆ ಕತ್ತರಿ ಹಾಕಿದವಳನ್ನೇ ಕಂಟ್ರಾಕ್ಟರ್ ಕರೆಯುತ್ತಾನೆಂದರೆ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟನ್ನು ಯಾವ ಯೂನಿವರ್ಸಿಟಿ ಕೊಡುತ್ತದೆ, ಹೇಳಿ?