ನಾನು ತೀರ್ಪು ಕೊಟ್ಟ ತಟ್ಟೆ

ಹಾಸನದ ಹೋಟೆಲೊಂದರಲ್ಲಿ ನಾನು ಮುಖ್ಯ ಅಡುಗೆಯವನಾಗಿದ್ದೆ. ಜನ ನನ್ನನ್ನು ಶೆಫ್ ಎಂದು ಕರೆಯತೊಡಗಿದ್ದು ಒಂದು ವಿಡಿಯೋದಿಂದ. ಬಿರಿಯಾನಿಗೆ ಟೊಮ್ಯಾಟೊ ಸಾಸ್ ಕೇಳಿದ ಗಿರಾಕಿಯೊಬ್ಬನನ್ನು ಸೌಟು ಹಿಡಿದುಕೊಂಡೇ ಬಂದು ಬೈದಿದ್ದೆ. ಪಕ್ಕದ ಟೇಬಲ್ಲಿನವರು ಅದನ್ನು ಮೊಬೈಲಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದರು. ಆಮೇಲೆ ಚನ್ನರಾಯಪಟ್ಟಣ, ಅರಕಲಗೂಡುಗಳಿಂದಲೂ ಜನ ಬೈಸಿಕೊಳ್ಳಲೆಂದೇ ಬರತೊಡಗಿದರು. "ಸಾ, ಒಂದ್ಸಲ ಬೈರಿ ಸಾ" ಎಂದು ಫೋನು ಎತ್ತಿ ಹಿಡಿಯುತ್ತಿದ್ದರು. ಮಾಲೀಕರು ನನಗೆ ಬಿಳಿ ಟೋಪಿ ತರಿಸಿ, ಬಾಗಿಲ ಮೇಲೆ ನನ್ನ ಫೋಟೋ ಹಾಕಿಸಿದರು. ನಾನು ಒಲೆಯ ಮುಂದೆ ನಿಲ್ಲುವುದು ಕಡಿಮೆಯಾಯಿತು. ಮಸಾಲೆ ಯಾರು ಹುರಿದರೂ ಹೊಗಳಿಕೆ ನನಗೇ ಬರುತ್ತಿತ್ತು, ಅದೇ ಸರಿ ಎಂದೂ ಅನ್ನಿಸುತ್ತಿತ್ತು.

ಹಾಗಿರುವಾಗ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಅಡುಗೆ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದರು. ಹನ್ನೊಂದಕ್ಕೆ ಬರಬೇಕಾದವನು ಹನ್ನೆರಡು ದಾಟಿಸಿ ಹೋದೆ. ಸೆಲ್ಫಿಗಳಿಗೆ ಇನ್ನೊಂದು ಗಂಟೆ ಹಿಡಿಯಿತು.

ಸ್ಪರ್ಧಿಗಳ ಸಾಲಿನ ಕೊನೆಯಲ್ಲಿ, ಸೆರಗು ಸಿಕ್ಕಿಸಿಕೊಂಡು, ಅಕ್ಕ ನಿಂತಿದ್ದರು. ಒಡಹುಟ್ಟಿದವರಲ್ಲ. ನಾನು ಕಾಲೇಜು ಬಿಟ್ಟು ಹೊಳೆನರಸೀಪುರದ ಮಿಲ್ಟ್ರಿ ಹೋಟೆಲಿಗೆ ಕೆಲಸಕ್ಕೆ ಸೇರಿದಾಗ ಅಲ್ಲಿ ಅಡುಗೆ ಮಾಡುತ್ತಿದ್ದವರು. ಆರು ವರ್ಷ ಅವರ ಪಕ್ಕ ನಿಂತು ಕಲಿತಿದ್ದೆ. ತಲೆಮಾಂಸ ಸುಟ್ಟು ಹೆರೆಯುವುದು, ಧನಿಯಾ ಯಾವ ಘಮಕ್ಕೆ ಇಳಿಸಬೇಕೆನ್ನುವುದು, ಗಂಟಿಲ್ಲದಂತೆ ಮುದ್ದೆ ತೊಳಸುವುದು, ಎಲ್ಲವೂ ಅವರದೇ.

ನನ್ನನ್ನು ಕಂಡು ನಕ್ಕರು. "ಬಂದ್ಯಾ ಮಗ? ಎಲ್ಲಾ ಆರೋಯ್ತು ಕಣಪ್ಪ. ಸಾರ್ನಾದ್ರೂ ಒಸಿ ಬಿಸಿ ಮಾಡ್ಕೊಡ್ಲಾ?"

ನಾನು ಹೂಂ ಅನ್ನಬಹುದಿತ್ತು. ಹಿಂದಿನಿಂದ ಯಾರೋ, "ಈಗ್ ಬೈತಾರೆ ನೋಡ್ರಲಾ" ಅಂದರು. ಫೋನುಗಳು ಮೇಲೆದ್ದವು. ತಟ್ಟೆಯಲ್ಲಿದ್ದ ಮುದ್ದೆ ಮೇಲೆಲ್ಲ ಬಿರುಕು ಬಿಟ್ಟಿತ್ತು. ನಾನು ಅದನ್ನು ಬೆರಳಿನಿಂದ ಒತ್ತಿದೆ.

"ಇದು ಮುದ್ದೆನೋ ಗುಂಡುಕಲ್ಲೋ? ತಿಂದೋರು ಹಲ್ಲು ಕಟ್ಟಿಸ್ಕೋಬೇಕಾಯ್ತದೆ."

ಮಂಟಪವೇ ನಕ್ಕಿತು. ಸಾರಿನ ರುಚಿ ನೋಡದೆಯೇ ಹತ್ತಕ್ಕೆ ಎರಡು ಅಂಕ ಬರೆದೆ. "ಆಯ್ತು ಬುಡಪ್ಪ" ಎಂದು ಅವರು ತಟ್ಟೆಯ ಮೇಲೆ ಮುಚ್ಚಳ ಹಾಕಿದರು. ಅವರು ನನಗೆ ಗೊತ್ತು ಎಂದು ನಾನು ಅಲ್ಲಿ ಯಾರಿಗೂ ಹೇಳಲಿಲ್ಲ.

ಸಂಜೆಗೆಲ್ಲ ಆ ವಿಡಿಯೋ ಎಲ್ಲರ ಫೋನಿನಲ್ಲಿತ್ತು. ಹೆಂಡತಿ ನೋಡಿ, "ನಮ್ ಮದ್ವೇಲಿ ಮೂರು ದಿನ ನಿಂತು ಅಡ್ಗೆ ಮಾಡ್ಕೊಟ್ರಲ್ಲ, ಅದೇ ಅಕ್ಕ ಅಲ್ವಾ ಇವ್ರು?" ಅಂದಳು. ನಾನು ಎದ್ದು ಹೊರಗೆ ಹೋದೆ.

ತಪ್ಪಾಯಿತು ಎಂದು ಹೇಳಲು ಹೊರಡುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಹೊಳೆನರಸೀಪುರದ ಹೋಟೆಲಿನಲ್ಲಿ ಬೇರೆ ಯಾರೋ ಮುದ್ದೆ ಕಟ್ಟುತ್ತಿದ್ದರು. ಗಲ್ಲಾದಲ್ಲಿದ್ದ ಹಳೆಯ ಮಾಲೀಕರು ನನ್ನ ಮುಖವನ್ನೂ ನೋಡದೆ ಹೇಳಿದರು: "ಅವ್ರು ಬುಟ್ಬುಟ್ರು ಕಣಪ್ಪ. ಉಣ್ಣಾಕೆ ಬಂದೋರೆಲ್ಲ 'ಒಂದು ಗುಂಡುಕಲ್ಲು ಆಕವ್ವ' ಅನ್ನೋರು. ಒಂದಿನ ಕೈ ತೊಳ್ಕಂಡು ಒಂಟೋದ್ರು."

ಹಳೇಕೋಟೆ ಕಡೆಯ ಅವರ ಊರಿಗೆ ಹೋದೆ. ಅಕ್ಕ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ತಪ್ಪಾಯ್ತು ಅಕ್ಕ" ಅಂದೆ.

"ಮುದ್ದೆ ಗಟ್ಟಿಯಾಗಿತ್ತು. ಅದ್ ಸುಳ್ಳಲ್ಲ" ಅಂದರು. ಸುಲಿದ ಕಾಳನ್ನು ಮೊರಕ್ಕೆ ಹಾಕಿದರು. "ಗುರ್ತೇ ಇಲ್ದೋನಂಗೆ ನಿಂತಿದ್ದೆಯಲ್ಲ ಮಗ, ಅದ್ಯಾಕೆ?"

ನೀವು ಮತ್ತೆ ಹೋಟೆಲಿನ ಕೆಲಸಕ್ಕೆ ಹೋಗಿ ಎಂದು ಬೇಡಿಕೊಂಡೆ. "ಬ್ಯಾಡ ಬುಡು. ಮನೆಯೋರ್ಗೆ ಬೇಯ್ಸಾಕಿದ್ರೆ ಸಾಕು" ಎಂದರು. ಕಾಫಿ ಕೊಟ್ಟರು. ಊಟಕ್ಕೆ ಏಳು ಅನ್ನಲಿಲ್ಲ.

ವಿಡಿಯೋ ಹಾಕಿದವನನ್ನು ಹುಡುಕಿ ತೆಗೆಸಿದೆ. ಅಷ್ಟರಲ್ಲಿ ಬೇರೆಯವರು ಅದನ್ನು ಇಳಿಸಿಕೊಂಡು ಮತ್ತೆ ಹಾಕಿದ್ದರು. ಬೈಯುವುದನ್ನು ನಿಲ್ಲಿಸಿದೆ. ಬೈಸಿಕೊಳ್ಳಲು ಬರುತ್ತಿದ್ದವರು ಬರುವುದನ್ನು ಬಿಟ್ಟರು. ಕೆಲವು ತಿಂಗಳಿಗೆ ಬಾಗಿಲ ಮೇಲಿನ ಫೋಟೋ ಇಳಿಯಿತು, ನಾನೂ ಅಲ್ಲಿಯ ಕೆಲಸ ಬಿಟ್ಟೆ. ಈಗ ಚನ್ನರಾಯಪಟ್ಟಣದ ಸಣ್ಣ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತೇನೆ.

ಹೋದ ಸಂಕ್ರಾಂತಿಗೆ ಅಕ್ಕನಿಗೆ ಫೋನು ಮಾಡಿದೆ. ಸೊಸೆ ಎತ್ತಿ, "ಅತ್ತೆ ಮನೇಲಿಲ್ಲ, ವಲದ್ ತಾವ್ಕೆ ಓಗವ್ರೆ" ಎಂದಳು. ಅವಳ ಹಿಂದೆಯೇ, ಒಲೆಗೆ ಸೌದೆ ತಳ್ಳು ಎಂದು ಯಾರಿಗೋ ಹೇಳುತ್ತಿದ್ದ ಅಕ್ಕನ ದನಿ ಕೇಳಿಸುತ್ತಿತ್ತು. ಸರಿ ಎಂದು ಇಟ್ಟೆ.